ನಗುವ ಶಾಟ್ ಬಾಕಿ

ಜೂನ್ 10, ಸೋಮವಾರ

ಇವತ್ತು ಆದಿನಾರಾಯಣಪ್ಪನವರನ್ನು ಸಾಯಿಸಿದೆವು. ಸೀರಿಯಲ್‌ನಲ್ಲಿ. ‘ಯಜಮಾನ್ರು ಮನೇಲಿಲ್ಲ’ದಲ್ಲಿ ಅವರು ಮಾಡುವ ಯಜಮಾನ ಪಾಪೇಗೌಡ ಸತ್ತ ಹಾಗೆ ಚಾಪೆಯ ಮೇಲೆ ಮಲಗಿ, ಮನೆಯವರಲ್ಲಿ ಯಾರು ನಿಜಕ್ಕೂ ಅಳುತ್ತಾರೆ ಅಂತ ರೆಪ್ಪೆಯ ಸಂದಿಯಿಂದ ನೋಡುತ್ತಾನೆ. ಹಳೇ ಸರಕು, ಗೊತ್ತು. ಆದರೆ ಆ ಮನುಷ್ಯ ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದರೆ ಹಳೇ ಸರಕೂ ನಗಿಸುತ್ತದೆ. ಲೈಟಿನ ಹುಡುಗರು ಬಾಯಿಗೆ ಟವೆಲ್ ತುರುಕಿಕೊಂಡು ನಿಂತಿದ್ದರು.

ನಲ್ಲೂರಿನ ಈ ಮನೆಯನ್ನು ಶೂಟಿಂಗಿಗೆ ಹಿಡಿದವನು ನಾನೇ, ಆದ್ದರಿಂದ ಬೈಯುವುದಕ್ಕೆ ಬೇರೆ ಯಾರೂ ಸಿಗುವುದಿಲ್ಲ. ಲೇಔಟ್‌ನವರು ಮಾದರಿಗೆಂದು ಕಟ್ಟಿಸಿ ಬಿಟ್ಟ ಮನೆ. ಒಂದು ಪಕ್ಕ ಯಾರೂ ಕೊಳ್ಳದ ಸೈಟುಗಳು, ಇನ್ನೊಂದು ಪಕ್ಕ ಹುಣಿಸೆ ತೋಪು, ತಲೆಯ ಮೇಲೆ ಏರ್‌ಪೋರ್ಟಿನ ವಿಮಾನ. ವಿಮಾನ ಬಂದಾಗಲೆಲ್ಲ ನಿಲ್ಲಿಸಬೇಕು, ಹೋದ ಮೇಲೆ ಮತ್ತೆ ಮೊದಲಿಂದ. ಅಷ್ಟು ಹೊತ್ತೂ ಆದಿನಾರಾಯಣಪ್ಪನವರು ಚಾಪೆ ಬಿಟ್ಟು ಏಳಲಿಲ್ಲ. ಎದ್ದರೆ ಹತ್ತಿ ಬೀಳುತ್ತದಂತೆ.

ಶಾಟ್ ಓಕೆ ಆಗುವ ಹೊತ್ತಿಗೆ ಬೆಳಕು ಇಳಿದಿತ್ತು. ನಾನು ಪ್ಯಾಕಪ್ ಅಂದೆ. ಅವರು ಮಲಗಿದಲ್ಲಿಂದಲೇ, “ಸಾ, ನಗೋ ಶಾಟ್ ತಗೊಂಬುಡಿ ಸಾ” ಅಂದರು. ನಮ್ಮ ಲೈನಿನಲ್ಲಿ ಇದೊಂದು ಪದ್ಧತಿ. ಹೆಣವಾಗಿ ನಟಿಸಿದವನು ಶಾಟ್ ಮುಗಿದ ಕೂಡಲೇ ಎದ್ದು ಕೂತು ಕ್ಯಾಮೆರಾ ನೋಡಿ ನಗಬೇಕು, ಅದನ್ನೂ ತೆಗೆಯಬೇಕು. ಎಲ್ಲೂ ಬಳಸುವುದಿಲ್ಲ. ನಾನಿನ್ನೂ ಇದ್ದೀನಿ ಅಂತ ಕ್ಯಾಮೆರಾಕ್ಕೆ ಹೇಳುವುದು, ಅಷ್ಟೆ. ಕ್ಯಾಮೆರಾಮನ್ ಶ್ರೀಧರ್ ಆಗಲೇ ಲೆನ್ಸ್ ಬಿಚ್ಚಿಟ್ಟಿದ್ದ.

“ಅದೆಲ್ಲಾ ಅಳಿಸೋ ಪಿಕ್ಚರ್‌ಗೆ ಯಜಮಾನ್ರೆ. ನಮ್ದು ಪೂರ್ತಿ ನಗೋ ಶಾಟೇ ಅಲ್ವಾ?” ಅಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡು, “ಆಯ್ತು, ಆಮೇಲ್ ತಗೊಳ್ಳಿ” ಅಂದರು.

ನಾಳೆ ಅವರಿಗೆ ರಜೆ. ಬುಧವಾರ ಯಾರಾದರೂ ನೆನಪಿಸಿದರೆ ತೆಗೆದರಾಯಿತು.

ಜೂನ್ 12, ಬುಧವಾರ

ಆದಿನಾರಾಯಣಪ್ಪನವರು ಹೋಗಿಬಿಟ್ಟರು. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಕೂತಲ್ಲೇ ಒರಗಿದರಂತೆ. ಹಾರ್ಟು.

ದೊಡ್ಡಬಳ್ಳಾಪುರದಲ್ಲಿ ಅವರ ಮನೆ ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ. ನಾನು ಹೋಗುವಷ್ಟರಲ್ಲಿ ನನ್ನ ಹೆಂಡತಿ ಜ್ಯೋತಿ ಅಲ್ಲಿದ್ದಳು, ಅವರ ಹೆಂಡತಿ ನರಸಮ್ಮನವರ ಕೈ ಹಿಡಿದು ಕೂತಿದ್ದಳು. ಚಾಪೆಯ ಮೇಲೆ ಮಲಗಿಸಿದ್ದರು, ಮೂಗಿನಲ್ಲಿ ಹತ್ತಿ. ನನ್ನ ಬಾಯಿಂದ ‘ಕಟ್’ ಅನ್ನುವ ಮಾತು ಇನ್ನೇನು ಬರುವುದರಲ್ಲಿತ್ತು, ನುಂಗಿಕೊಂಡೆ.

ಮಗ್ಗದ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು ಊರೂರಿನ ನಾಟಕದಲ್ಲಿ ಹಾಸ್ಯದ ಪಾತ್ರ ಮಾಡುತ್ತಿದ್ದವರನ್ನು ನನ್ನ ಮೊದಲ ಚಿತ್ರಕ್ಕೆ ಎಳೆದು ತಂದೆ. ಆ ಚಿತ್ರ ನೂರು ದಿನ ಓಡಿತು. ಆಗ ನನಗೆ ಕೊಬ್ಬು. ನಗಿಸಿದ್ದು ನಾನು, ಅವರಲ್ಲ ಅಂದುಕೊಂಡೆ. ಅವರಿಲ್ಲದೆ ಎರಡು ಚಿತ್ರ ಮಾಡಿದೆ, ಎರಡೂ ಮೊದಲ ದಿನದ ಮಧ್ಯಾಹ್ನದ ಆಟಕ್ಕೇ ಮಲಗಿದವು. ಆಮೇಲೆ ವರ್ಷಗಟ್ಟಲೆ ನನ್ನ ಫೋನ್ ಎತ್ತುವವರಿರಲಿಲ್ಲ. ಈ ಸೀರಿಯಲ್‌ಗೆ ಅವರನ್ನು ಮತ್ತೆ ಹಿಡಿದು ತಂದ ಮೇಲೆಯೇ ಜನ ನನ್ನನ್ನು ಮತ್ತೆ ಡೈರೆಕ್ಟರ್ ಕೆಂಪರಾಜ್ ಅಂತ ಕರೆಯುತ್ತಿರುವುದು.

ಅಳು ಬರಲಿಲ್ಲ. ಮುಂದಿನ ವಾರದ ಎಪಿಸೋಡಿಗೆ ಏನು ಮಾಡುವುದು ಅನ್ನುವ ಯೋಚನೆ ಬಂತು. ನಾಚಿಕೆಯಾಯಿತು. ಯೋಚನೆ ಮಾತ್ರ ನಿಲ್ಲಲಿಲ್ಲ.

ಜೂನ್ 14, ಶುಕ್ರವಾರ

ಬೆಳಿಗ್ಗೆ ಹಾಲು ತುಪ್ಪ ಬಿಟ್ಟು ಬಂದು, ಮಧ್ಯಾಹ್ನ ಬೆಂಗಳೂರಿಗೆ ಹೋದೆ. ಚಾನೆಲ್‌ನ ಮಾನಸ ಮೇಡಂ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು. ಆದರೂ ನಾನು ಎದ್ದು ನಿಲ್ಲುತ್ತೇನೆ.

“ತುಂಬಾ ಬೇಜಾರಾಯ್ತು ಸರ್. ಆದ್ರೆ ಪಾಪೇಗೌಡ ಇಲ್ದೆ ಶೋ ಇಲ್ಲ, ನಿಮ್ಗೂ ಗೊತ್ತು. ತಿಂಗಳ ಕೊನೆಗೆ ನಿಲ್ಲಿಸ್ಬಿಡೋಣ. ಇಲ್ಲಾಂದ್ರೆ ನೀವೇ ಏನಾದ್ರೂ ಮ್ಯಾನೇಜ್ ಮಾಡಿ.”

“ಮಾಡ್ತೀನಿ ಮೇಡಂ.”

ಹೇಗೆ ಅಂತ ಅವಳು ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ. ಇದು ನಿಂತರೆ ಐವತ್ತಾರನೇ ವಯಸ್ಸಿನಲ್ಲಿ ನನಗೆ ಇನ್ನೊಂದು ಅವಕಾಶ ಕೊಡುವವರು ಈ ಭೂಮಿಯ ಮೇಲಿಲ್ಲ. ಮದುವೆ ಮನೆಗಳಲ್ಲಿ ‘ಹಿಂದೆ ಪಿಕ್ಚರ್ ಮಾಡ್ತಿದ್ರಲ್ಲ ಅವರು’ ಅನ್ನಿಸಿಕೊಂಡು ಊಟದ ಸಾಲಿನಲ್ಲಿ ನಿಲ್ಲುವುದು ನನ್ನಿಂದ ಆಗುವುದಿಲ್ಲ.

ಜ್ಯೋತಿ ಅಂದಳು, “ಇನ್ನೊಬ್ರನ್ನ ಹಾಕ್ಕೊಳ್ರೀ.”

“ಜನ ಒಪ್ಪಲ್ಲ ಕಣೆ.”

“ಹಂಗಾದ್ರೆ ನಿಲ್ಸಿ. ಹೋದ್ರೆ ಹೋಯ್ತು.”

ಅವಳಿಗೇನು, ಹೇಳಿಬಿಡುತ್ತಾಳೆ.

ಜೂನ್ 18, ಮಂಗಳವಾರ

ಎಡಿಟಿಂಗ್ ಕೋಣೆಯಲ್ಲೇ ಠಿಕಾಣಿ. ಕೆಲಸಕ್ಕೆ ಬಾರದೆ ಬಿಟ್ಟಿದ್ದ ಟೇಕುಗಳನ್ನೆಲ್ಲ ತೆಗೆಸಿ ನೋಡುತ್ತಿದ್ದೇನೆ. ಆದಿನಾರಾಯಣಪ್ಪನವರು ಮಾತು ಮರೆತದ್ದು, ನಶ್ಯ ಏರಿಸಿ ಮುಂದಿನ ಹಲ್ಲಿನ ಸಂದು ಕಾಣುವ ಹಾಗೆ ಸೀನಿದ್ದು, ವಿಮಾನ ಹೋಗಲಿ ಅಂತ ಸುಮ್ಮನೆ ಕೂತದ್ದು. ಆರು ತಿಂಗಳ ಕಸ. ಈ ಕಸದಲ್ಲೇ ಪಾಪೇಗೌಡ ಇನ್ನೂ ಎಷ್ಟೋ ವಾರ ಬದುಕಬಹುದು. ಅವರು ಸೀನಿದ ಮೇಲೆ ಸೊಸೆಯ ಪಾತ್ರದ ಹರ್ಷಿತ ‘ಶೀತ ಆಯ್ತಾ ಮಾವ?’ ಅನ್ನುವ ಶಾಟ್ ಹೊಸದಾಗಿ ತೆಗೆದು ಅಂಟಿಸಿದರೆ ಸಂಭಾಷಣೆ ಆಯಿತು. ಇಂಥ ಕಿತಾಪತಿಯಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ, ತೋರಿಸಿ.

ಒಂದು ವಿಚಿತ್ರ. ನಿನ್ನೆ ಬರೆದ ದೃಶ್ಯಕ್ಕೆ ‘ನಾನೆಲ್ಲಿಗೂ ಹೋಗಲ್ಲ, ಇಲ್ಲೇ ಇರ್ತೀನಿ’ ಅನ್ನುವ ಮಾತು ಬೇಕಿತ್ತು. ಕಸದಲ್ಲಿ ಅಂಥದ್ದು ಸಿಗಲಾರದು ಅಂತ ಬಿಟ್ಟಿದ್ದೆ. ಇವತ್ತು ಸಿಕ್ಕಿತು. ಜಗಲಿಯ ಮೇಲೆ ಒಬ್ಬರೇ ಕೂತು, ಕ್ಯಾಮೆರಾದ ಎಡಕ್ಕೆ, ನಾನು ಕೂರುವ ಜಾಗದ ಕಡೆ ನೋಡುತ್ತ, ಅದೇ ಮಾತು. ಶಾಟಿನ ಶುರುವಿನಲ್ಲಿ ಕ್ಲಾಪ್ ಬೋರ್ಡ್ ಹೊಡೆದದ್ದಿಲ್ಲ. ಶ್ರೀಧರ್‌ನನ್ನು ಕರೆದು ತೋರಿಸಿದೆ.

“ಇದು ನಾನ್ ತೆಗ್ದಿದ್ದಲ್ಲ ಸಾರ್.”

“ನೀನಲ್ದೆ ನಿಮ್ಮಪ್ಪ ಬಂದು ತೆಗ್ದನಾ?”

ಅವನು ಇನ್ನೊಂದು ಸಲ ನೋಡಲಿಲ್ಲ, ಹೊರಗೆ ಹೋದ. ಆ ಕ್ಯಾಮೆರಾ ಮುಟ್ಟುವವನು ಅವನೊಬ್ಬನೇ. ಮರೆತಿರುತ್ತಾನೆ. ನನಗೆ ಸಂತೋಷ, ದೃಶ್ಯ ಉಳಿಯಿತು.

ಜೂನ್ 22, ಶನಿವಾರ

ಹನ್ನೊಂದನೇ ದಿನದ ತಿಥಿ. ತಾರಸಿಯ ಮೇಲೆ ಎಡೆ ಇಟ್ಟು ಎಲ್ಲರೂ ದೂರ ನಿಂತೆವು. ಕಾಗೆ ಮುಟ್ಟಿದರೆ ಹೋದವರು ತೃಪ್ತಿಯಿಂದ ಹೋದರು ಅಂತ. ಎದುರು ಮನೆಯ ತಂತಿಯ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು, ಒಂದೂ ಇಳಿಯಲಿಲ್ಲ. ನೆಂಟರೊಬ್ಬರು ಮೊಬೈಲಿನಲ್ಲಿ ಕಾಗೆಯ ಕೂಗು ಹಾಕಿ ಎತ್ತಿ ಹಿಡಿದರು. ಇದನ್ನು ಎಪಿಸೋಡಿಗೆ ಬಳಸಬೇಕು ಅಂತ ಅಲ್ಲೇ ಅಂದುಕೊಂಡೆ. ಕೂಗು ಕೇಳಿ ಇದ್ದ ಕಾಗೆಗಳೂ ಎದ್ದು ಹೋದವು. ಬಿಸಿಲೇರಿದ ಮೇಲೆ ಎಡೆಯನ್ನು ಹಸುವಿಗೆ ಇಟ್ಟರು.

ಅವರ ಹಳೇ ಶಾಟುಗಳನ್ನು ಬಳಸಿಕೊಳ್ಳಲು ನರಸಮ್ಮನವರ ಒಪ್ಪಿಗೆ ಬೇಕು ಅಂತ ಚಾನೆಲ್‌ನವರು ಹೇಳಿದ್ದರು. ಮೆಲ್ಲಗೆ ಕೇಳಿದೆ.

“ಮೊದ್ಲು ಅವ್ರು ಹೋಗ್ಲಿ ಸಾ. ಹೋದ್ಮೇಲೆ ಏನಾರ ಮಾಡ್ಕೊಳ್ಳಿ.”

“ಹೋಗಿ ಹನ್ನೊಂದ್ ದಿನ ಆಯ್ತಲ್ಲಮ್ಮ.”

“ಹೋಗಿಲ್ಲ. ಮಂಡಿ ನೋವಿನ ಮನ್ಸ, ಅಷ್ಟ್ ಬ್ಯಾಗ ಎಲ್ಲಿ ನಡೀತಾರೆ?”

ದುಃಖದಲ್ಲಿರುವ ಹೆಂಗಸು. ಮುಂದಿನ ತಿಂಗಳು ಕೇಳಿದರಾಯಿತು. ಅಲ್ಲಿಯವರೆಗೆ ಒಪ್ಪಿಗೆ ಸಿಕ್ಕಿದೆ ಅಂತ ಮಾನಸಳಿಗೆ ಹೇಳಿದೆ.

ಜೂನ್ 27, ಗುರುವಾರ

ಮುಖದ ಶಾಟು ಸಾಕಷ್ಟಿವೆ. ಬೆನ್ನು ಬೇಕು. ಪಾಪೇಗೌಡ ಗೇಟು ದಾಟಿ ಹೋಗುವುದು, ಮೆಟ್ಟಿಲು ಹತ್ತುವುದು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬಂದ ಇಬ್ಬರನ್ನು ನಿಲ್ಲಿಸಿ ನೋಡಿದೆವು. ಒಬ್ಬ ಪರೇಡಿಗೆ ಹೊರಟ ಹಾಗೆ ನಡೆದ, ಇನ್ನೊಬ್ಬ ಹೆರಿಗೆಗೆ ಹೊರಟ ಹಾಗೆ. ತಲೆ ಕೆಟ್ಟು ನಾನೇ ಪಂಚೆ ಉಟ್ಟೆ. ಅವರ ಅಂಗಿ, ಹೆಗಲಿಗೆ ಅವರ ಕೆಂಪಂಚಿನ ಟವೆಲ್. ಅಂಗಿ ನನಗೆಂದೇ ಹೊಲಿಸಿದ ಹಾಗೆ ಕೂತಿತು. ಇಷ್ಟು ವರ್ಷ ಅವರು ನನಗಿಂತ ಕುಳ್ಳಗೆ ಅಂದುಕೊಂಡಿದ್ದೆ.

ಒಂದೇ ಟೇಕಿಗೆ ಓಕೆ. ಕಟ್ ಅಂದ ಮೇಲೂ ಹರ್ಷಿತ, “ಬನ್ನಿ ಮಾವ, ಕಾಫಿ ಕುಡೀರಿ” ಅಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡು, “ಸಾರಿ ಸರ್, ಅಭ್ಯಾಸ” ಅಂದಳು. ನಾನು ಕಾಫಿ ಕುಡಿದೆ. ಸಕ್ಕರೆ ಹಾಕಿರಲಿಲ್ಲ, ಚೆನ್ನಾಗಿತ್ತು.

ಜುಲೈ 3, ಬುಧವಾರ

ಧ್ವನಿಗೆ ಬೆಂಗಳೂರಿನಿಂದ ಮಿಮಿಕ್ರಿಯವನು ಬಂದಿದ್ದ. ಮಾತು ಅವರದೇ, ಉಸಿರು ಅವರದಲ್ಲ. ಹೇಗೆ ಅಂತ ತೋರಿಸುವುದಕ್ಕೆ ನಾನು ಮೈಕಿನ ಮುಂದೆ ಎರಡು ಮಾತು ಆಡಿದೆ. ಸೌಂಡಿನವನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಮಿಮಿಕ್ರಿಯವನು ತನ್ನ ಬ್ಯಾಗು ತಗೊಂಡ. ಪೂರ್ತಿ ಎಪಿಸೋಡನ್ನು ನಾನೇ ಮುಗಿಸಿದೆ. ಮೂಗಿನ ಧ್ವನಿ ಸರಿಯಾಗಿ ಬರಲಿ ಅಂತ ಒಂದು ಚಿಟಿಕೆ ನಶ್ಯ ಏರಿಸಿದ್ದೆ. ಧೂಳು ಕಂಡರೆ ಸೀನುವ ನನಗೆ ಒಂದು ಸೀನೂ ಬರಲಿಲ್ಲ.

ಹಾಸನದಿಂದ ಸಿಂಚನ ಫೋನ್ ಮಾಡಿದ್ದಳು. ಮಗಳು ಅಲ್ಲಿ ಪಶುವೈದ್ಯಕೀಯ ಓದುತ್ತಾಳೆ. “ಅಪ್ಪ, ಯಾಕ್ ಹಿಂಗ್ ಮಾತಾಡ್ತಿದೀಯ? ಇಳಿದು ಬಾ, ಪಾತ್ರದಿಂದ” ಅಂತ ನಕ್ಕಳು. ನಾನೂ ನಕ್ಕೆ. ಬೇರೆ ಹೇಗೆ ಮಾತಾಡಬೇಕು ಅಂತ ಒಂದು ಗಳಿಗೆ ಹೊಳೆಯಲಿಲ್ಲ. ಕೆಲಸ ಜಾಸ್ತಿ, ಅಷ್ಟೆ.

ಎಡ ಮಂಡಿ ನೋಯುತ್ತಿದೆ. ಪ್ರಾಕ್ಟೀಸು ಹೆಚ್ಚಾಯಿತು.

ಜುಲೈ 8, ಸೋಮವಾರ

ಯೂನಿಟ್‌ನವರು ಕೆಲಸ ನಿಲ್ಲಿಸಿ ಕೂತರು. ಹೆಣದ ದೃಶ್ಯ ತೆಗೆದ ಕೋಣೆಗೆ ಯಾರೂ ಒಬ್ಬರೇ ಹೋಗುವುದಿಲ್ಲವಂತೆ. ಯಜಮಾನರ ಕುರ್ಚಿಯ ಪಕ್ಕ ಇಟ್ಟ ಕಾಫಿ ಖಾಲಿಯಾಗಿರುತ್ತದಂತೆ. ಅದನ್ನು ಕುಡಿಯುವವನು ನಾನೇ, ಅದು ಅವರಿಗೂ ಗೊತ್ತು. ಹೇಳಿದೆ. ಹೇಳಿದ ಮೇಲೆ ಇನ್ನಷ್ಟು ದೂರ ಸರಿದು ಕೂತರು.

ಶ್ರೀಧರ್ ಹತ್ತಿರ ಬಂದು, “ಸಾರ್, ನಗೋ ಶಾಟ್ ಬಾಕಿ ಉಳೀತಲ್ಲ, ಅದೇ ತೊಂದ್ರೆ. ಯಾರಾದ್ರೂ ಆ ಡ್ರೆಸ್ಸಲ್ಲಿ ಮಲ್ಗಿ ಎದ್ದು ನಕ್ಬಿಟ್ರೆ ಮುಗೀತದೆ” ಅಂದ.

“ಯಾರು ಮಲಗೋರು?”

ಎಲ್ಲರೂ ನನ್ನ ಪಂಚೆ ನೋಡಿದರು.

ನನಗೇನು ಭಯ? ಅದೇ ಚಾಪೆ ಹಾಸಿಸಿ ಮಲಗಿದೆ, ಮೇಕಪ್ಪಿನವನು ಹತ್ತಿ ಇಟ್ಟ. ಎಷ್ಟು ಆರಾಮವಾಗಿತ್ತು ಅಂದರೆ, ಬಹಳ ವರ್ಷದಿಂದ ಹಾಗೆ ಮಲಗಿರಲಿಲ್ಲ. ತೋಪಿನಲ್ಲಿ ಗಾಳಿ ಆಡುವುದು ಕೇಳುತ್ತಿತ್ತು. ಯಾರೋ ದೂರದಲ್ಲಿ ‘ಕೆಂಪರಾಜ್ ಸಾರ್, ಕೆಂಪರಾಜ್ ಸಾರ್’ ಅಂತ ಕೂಗುತ್ತಿದ್ದರು. ಪಾಪ, ಆ ಮನುಷ್ಯ ಯಾಕೆ ಓಗೊಡುತ್ತಿಲ್ಲ ಅಂದುಕೊಂಡೆ. ಆಮೇಲೆ ಎದ್ದು ಕೂತು ಕ್ಯಾಮೆರಾ ನೋಡಿ ನಕ್ಕೆ. ಬಹಳ ಹೊತ್ತು ಮಲಗಿದ್ದೆನಂತೆ. ನನಗೆ ಒಂದು ನಿಮಿಷ ಅನ್ನಿಸಿತ್ತು.

ಮಾನಿಟರಿನಲ್ಲಿ ನೋಡಿದೆ. ಒಳ್ಳೇ ನಗು, ಹೊಟ್ಟೆಯಿಂದ ಬಂದದ್ದು. ಮುಂದಿನ ಹಲ್ಲಿನ ಸಂದು ಚೆನ್ನಾಗಿ ಕಾಣುತ್ತದೆ. ಮೇಕಪ್ಪಿನವನು ಕಪ್ಪು ಹಚ್ಚಿದ್ದನೇನೋ. ಶ್ರೀಧರ್ ಕ್ಯಾಮೆರಾ ಆಫ್ ಮಾಡಿ ತೋಪಿನ ಕಡೆ ನೋಡುತ್ತ ನಿಂತ. ಹರ್ಷಿತ ಒಳಗೆ ಬರಲಿಲ್ಲ. ಆದರೆ ಕೆಲಸ ಮತ್ತೆ ಶುರುವಾಯಿತು, ಯಾರೂ ಕುರ್ಚಿಯ ಮಾತು ಎತ್ತುವುದಿಲ್ಲ.

ಜುಲೈ 11, ಗುರುವಾರ

ತಿಂಗಳ ತಿಥಿಗೆ ಶೂಟಿಂಗಿನಿಂದ ಹಾಗೇ ಹೋದೆ, ಬಟ್ಟೆ ಬದಲಿಸಲು ಹೊತ್ತಿರಲಿಲ್ಲ. ಈ ಸಲ ನೆಂಟರು ಕಡಿಮೆ. ಎಡೆಯಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ವಡೆ, ಒಬ್ಬಟ್ಟು, ಪಕ್ಕದಲ್ಲಿ ನಶ್ಯದ ಡಬ್ಬಿ. ಎಲ್ಲರೂ ತಾರಸಿಯಿಂದ ಇಳಿದು ಬಂದರು. ನಾನು ಅಲ್ಲೇ ಎಡೆಯ ಪಕ್ಕ ಕೂತುಬಿಟ್ಟೆ, ಮಂಡಿ ಎದ್ದೇಳಲು ಬಿಡಲಿಲ್ಲ.

ಕಾಗೆ ಇವತ್ತೂ ಬರಲಿಲ್ಲ. ಬಸ್ಸಾರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಹೊಟ್ಟೆಯಲ್ಲಿ ತಡೆಯಲಾಗದ ಹಸಿವು. ಬೆಳಿಗ್ಗೆ ತಿಂಡಿ ತಿಂದಿದ್ದೆನಲ್ಲ, ಆದರೂ ಒಂದು ತಿಂಗಳಿಂದ ಏನೂ ತಿಂದಿಲ್ಲದ ಹಾಗೆ. ಕೈ ಹೋಗಿದ್ದೇ ಗೊತ್ತಾಗಲಿಲ್ಲ. ವಡೆ ಮುರಿದು ಬಾಯಿಗಿಟ್ಟುಕೊಂಡ ಮೇಲೆ, ಬಾಗಿಲಲ್ಲಿ ನರಸಮ್ಮ ನಿಂತಿರುವುದು ಕಂಡಿತು.

ಬೈಯುತ್ತಾರೆ ಅಂದುಕೊಂಡೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಹತ್ತಿರ ಬಂದು ಕೂತು ಮುದ್ದೆಯ ಎಲೆಯನ್ನು ನನ್ನ ಕಡೆ ಸರಿಸಿದರು.

“ನಿಧಾನ್ಕೆ ತಿನ್ನಿ. ಮಂಡಿ ಹೆಂಗೈತೆ?”

“ಹಂಗೇ ಐತೆ.”

ನನಗೆ ತಿಳಿಯುವ ಮೊದಲೇ ಬಾಯಿ ಹೇಳಿಬಿಟ್ಟಿತ್ತು. ಪೂರ್ತಿ ಊಟ ಮಾಡಿದೆ. ಅವರು ಎಲೆ ಎತ್ತುತ್ತ, “ಸೀರಿಯಲ್ ಮಾಡ್ಕೊಳ್ಳಿ ಅಂತೇಳಿ ಕೆಂಪ್ರಾಜಪ್ಪಂಗೆ. ಭಾನುವಾರ ಭಾನುವಾರ ಮನೆಗ್ ಕಳ್ಸಿಕೊಡ್ಲಿ” ಅಂದರು. ಒಪ್ಪಿಗೆ ಸಿಕ್ಕಿತು.

ಜುಲೈ 16, ಮಂಗಳವಾರ

ರೇಟಿಂಗ್ ಬಂದಿದೆ. ಯಾವತ್ತೂ ಬಾರದಷ್ಟು. ಮಾನಸ ಫೋನಿನಲ್ಲಿ ಕುಣಿಯುವುದೊಂದು ಬಾಕಿ. ಜನ ಸಂತಾಪದ ಸುದ್ದಿ ಓದಿದ್ದಾರೆ, ಆದರೂ ಅದು ಬೇರೆ ಯಾರೋ ಅಂದುಕೊಂಡಿದ್ದಾರಂತೆ. ನಾಡಿದ್ದು ಕರಾರಿನ ಮಾತುಕತೆ.

ಮನೆಗೆ ಹೋಗಿ ಈ ಸುದ್ದಿ ಹೇಳಿದರೆ ಜ್ಯೋತಿ ಕೇಳಿಸಿಕೊಳ್ಳಲೇ ಇಲ್ಲ. ನನ್ನ ಪ್ಯಾಂಟು ಶರ್ಟು ಇಸ್ತ್ರಿ ಮಾಡಿ ಮಂಚದ ಮೇಲಿಟ್ಟಿದ್ದಳು.

“ಇದನ್ನ ಹಾಕ್ಕೊಳ್ರೀ.”

“ಬಿಗಿ ಆಯ್ತದೆ ಕಣವ್ವ.”

‘ಕಣವ್ವ’ ಅಂದದ್ದಕ್ಕೆ ಅವಳ ಮುಖ ಬಿಳಿಚಿಕೊಂಡಿತು. ಎದುರಿಗೆ ಕೂತು, ನಾವು ಮೊದಲು ಎಲ್ಲಿ ನೋಡಿದ್ದು, ಮದುವೆ ಯಾವ ಛತ್ರದಲ್ಲಿ, ಮಗಳ ಹೆಸರೇನು ಅಂತ ಒಂದೊಂದೇ ಕೇಳಿದಳು. ಹೇಳಿದೆ. ಹೆಸರು ಹೇಳುವುದಕ್ಕೆ ಸ್ವಲ್ಪ ತಡವಾಯಿತು, ಅಷ್ಟೆ. “ಸೀರಿಯಲ್ ಬಿಟ್ಬಿಡಿ. ಯಾರೂ ಡೈರೆಕ್ಟರ್ ಅಂತ ಕರೀದೇ ಇದ್ರೂ ಪರವಾಗಿಲ್ಲ. ನೀವ್ ಬೇಕು ನಮ್ಗೆ” ಅಂತ ಅತ್ತಳು. ಹೆಣ್ಣುಮಗಳು ಅಷ್ಟು ಅಳುವುದು ನೋಡಿ ಎದ್ದು ಸಮಾಧಾನ ಮಾಡಬೇಕು ಅನ್ನಿಸಿತು. ಬೇರೆಯವರ ಹೆಂಡತಿಯ ತಲೆ ಮುಟ್ಟುವುದು ಸರಿಯಲ್ಲ ಅಂತ ಸುಮ್ಮನಾದೆ.

ಆಷಾಢ ಶುದ್ಧ ದ್ವಾದಶಿ, ಗುರುವಾರ

ಸೆಟ್ಟಿನ ಮನೆಯಲ್ಲೇ ಮಲಗುತ್ತಿದ್ದೇನೆ. ಓಡಾಟ ತಪ್ಪಿತು, ಮಂಡಿಗೂ ಒಳ್ಳೆಯದು. ಆ್ಯಕ್ಷನ್ ಅನ್ನುವುದು ಈಗ ಶ್ರೀಧರ್. ಒಳ್ಳೇ ಹುಡುಗ, ನನ್ನ ಮುಖ ಮಾತ್ರ ನೋಡುವುದಿಲ್ಲ. ಹೊಸದಾಗಿಯೇ ಎಲ್ಲ ತೆಗೆಯುತ್ತಿದ್ದಾರೆ, ಹಳೇ ಟೇಕುಗಳ ತಂಟೆ ಇಲ್ಲ. ಎಲ್ಲ ಒಂದೇ ಟೇಕು. ಬೈಯುವವರಿಲ್ಲದಿದ್ದರೆ ಕೆಲಸ ಎಷ್ಟು ಸಲೀಸು.

ಆಷಾಢ ಹುಣ್ಣಿಮೆ, ಭಾನುವಾರ

ಮನೆಗೆ ಹೋಗಿದ್ದೆ. ನರಸಿ ಅವರೆಬೇಳೆ ಸಾರು ಮಾಡಿದ್ದಳು. ಫೋಟೋದ ಹಾರ ತೆಗೆದಿಟ್ಟಿದ್ದಾಳೆ. ಸಂಜೆವರೆಗೆ ಜಗಲಿಯಲ್ಲಿ ಕೂತಿದ್ದೆವು, ಬೀದಿಯವರು ರಸ್ತೆಯ ಆಚೆ ಬದಿ ಹಿಡಿದು ನಡೆದು ಹೋದರು. ತಂತಿಯ ಮೇಲೆ ಒಂದೂ ಕಾಗೆ ಇರಲಿಲ್ಲ.

ಆಷಾಢ ಬಹುಳ ಪಂಚಮಿ, ಗುರುವಾರ

ಈ ಪುಸ್ತಕ ಕೆಂಪರಾಜ್ ಸಾರ್‌ದು. ದಿನಾ ಬರೆಯುವ ಪದ್ಧತಿ ಇಟ್ಟುಕೊಂಡಿದ್ದರು, ತಪ್ಪಬಾರದು ಅಂತ ಅವರು ಬರುವವರೆಗೆ ನಾನು ಬರೆದಿಡುತ್ತಿದ್ದೇನೆ.

ಇವತ್ತು ಮಾನಸಮ್ಮ ಸಿಹಿ ಹಂಚಿಸಿದರು. ಸೀರಿಯಲ್ ಇನ್ನೂ ಎರಡು ವರ್ಷ ನಡೆಯುತ್ತದೆ. ‘ಹಾಸ್ಯ ಅಂದ್ರೆ ಡೈರೆಕ್ಟರ್ ಕೆಂಪರಾಜ್’ ಅಂತ ದೊಡ್ಡದಾಗಿ ಬರೆಸಿ ಗೇಟಿಗೆ ಕಟ್ಟಿದ್ದಾರೆ. ಸಾರ್ ನೋಡಿದ್ದರೆ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದರು. ಅವರು ಆಸೆಪಟ್ಟಿದ್ದೇ ಅದನ್ನು.

ಮಧ್ಯಾಹ್ನಕ್ಕೆ ಮೊದಲು ಜಗಲಿಯಲ್ಲಿ ಕೂತು ವಿಮಾನ ಹೋಗಲಿ ಅಂತ ಕಾಯುತ್ತಿದ್ದೆವು. ಆಟೋದಲ್ಲಿ ಇಬ್ಬರು ಬಂದರು. ಒಬ್ಬರು ಸಾರ್ ಮನೆಯವರು. ಜೊತೆಯಲ್ಲಿ ಹೆಗಲಿಗೆ ಬ್ಯಾಗು ಹಾಕಿಕೊಂಡ ಹುಡುಗಿ, ಹಾಸನದಿಂದ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದ ಮುಖ. ನನ್ನನ್ನು ನೋಡಿದವಳೇ ಗೇಟಿನಲ್ಲಿ ನಿಂತಳು.

“ಬಾರವ್ವ, ಕೂತ್ಕೊ. ಶೂಟಿಂಗ್ ನೋಡಾಕ್ ಬಂದ್ಯಾ?” ಅಂದೆ.

“ಅಪ್ಪ, ನಾನು.”

“ನಿಮ್ಮಪ್ಪ ಎಲ್ಲೋ ಜಾಗ ನೋಡಾಕ್ ಹೋಗವ್ರೆ. ಬತ್ತಾರೆ. ಕೂತ್ಕೊ.”

ಅವಳು ಕೂರಲಿಲ್ಲ. ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಬಿಸಿಯಾದ ಕೈ, ನನ್ನದು ತಣ್ಣಗಿತ್ತು, ಬೆಚ್ಚಿದಳು, ಆದರೂ ಬಿಡಲಿಲ್ಲ. “ಅಪ್ಪ, ಸಾಕು. ನಡಿ, ಮನೆಗ್ ಹೋಗಣ. ನಂಗ್ ನೀನ್ ಬೇಕು” ಅಂದಳು. ಎಂಥ ಮಗು. ಯಾರ ಮಗಳೇ ಆಗಲಿ, ಹಾಗೆ ಕರೆದರೆ ಕಲ್ಲೂ ಎದ್ದು ಹೊರಡಬೇಕು. ನನ್ನ ಕಣ್ಣಲ್ಲಿ ನೀರು ಬಂತು. ಏನು ಮಾಡಲಿ, ನಾನಲ್ಲವಲ್ಲ. ನಗಿಸೋಣ ಅಂತ, ಸತ್ತವನ ಹಾಗೆ ಕತ್ತು ವಾಲಿಸಿ ರೆಪ್ಪೆಯ ಸಂದಿಯಿಂದ ನೋಡಿದೆ. ಅದಕ್ಕೆ ನಗದವರನ್ನು ನಾನು ಇದುವರೆಗೆ ಕಂಡಿಲ್ಲ. ಅವಳು ಕೈ ಬಿಟ್ಟು ಅಮ್ಮನ ಹಿಂದೆ ಹೋಗಿ ನಿಂತಳು.

ಸಾರ್ ಮನೆಯವರು ಗೇಟಿಗೆ ಕಟ್ಟಿದ ಬ್ಯಾನರ್ ಓದುತ್ತಿದ್ದರು, ಓದಿದ್ದನ್ನೇ ಓದುತ್ತಿದ್ದರು. ವಿಮಾನ ಹೋಯಿತು. ಶ್ರೀಧರ್ ಬಂದು ನೆಲ ನೋಡುತ್ತ, “ಮೇಡಂ, ಇದೊಂದ್ ಶಾಟ್ ಮುಗಿಸ್ಕೊಂಬಿಡ್ತೀವಿ” ಅಂದ. ಮುಗಿಸಿದೆವು. ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು.

ಅವರಿಬ್ಬರೂ ಮೆಟ್ಟಿಲ ಮೇಲೆ ಕೂತೇ ಇದ್ದರು. ಊಟ ಕೊಟ್ಟರೆ ಮುಟ್ಟಲಿಲ್ಲ. ಬಿಸಿಲು ತೋಪಿನ ಆ ಕಡೆ ಇಳಿದ ಮೇಲೆ ಆಟೋ ಕರೆಸಿದರು. ನಾನು ಗೇಟಿನವರೆಗೆ ಹೋಗಿ ಕಳಿಸಿಕೊಟ್ಟೆ. ಆಟೋ ತಿರುವು ದಾಟುವವರೆಗೂ ಹುಡುಗಿ ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದಳು.

ಸಾರ್ ಬಂದ ಮೇಲೆ ಒಂದು ಮಾತು ಹೇಳಬೇಕು, ಇಂಥ ಮಗಳನ್ನು ಕಾಯಿಸಬಾರದು ಅಂತ.